ಫ್ಯಾನ್ ವೇಗ ಕಾಣಲಿಲ್ಲ ಅಂತ ಕರ್ನಲ್‌ನ ಬೀಗ ಒಡೆಯಬೇಡಿ

ಪ್ರಶ್ನೆ: ಸಕಲೇಶಪುರದಲ್ಲಿ ನಮ್ಮದು ಕಾಫಿ ವ್ಯಾಪಾರ. ಆಫೀಸಿನ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಇದೆ. 'ಸೆನ್ಸರ್ಸ್' ಕಮಾಂಡ್ ಕೊಟ್ಟರೆ ಸಿಪಿಯು ಉಷ್ಣತೆ ಮಾತ್ರ ಬರುತ್ತದೆ, ಫ್ಯಾನ್ ವೇಗ ಇಲ್ಲ. ಬೋರ್ಡ್‌ನ ಫ್ಯಾನ್-ಸೆನ್ಸರ್ ಚಿಪ್ಪನ್ನು ಓದುವ ಐಟಿ87 ಡ್ರೈವರ್ ಹಾಕಲು ಹೋದರೆ 'ಡಿವೈಸ್ ಆರ್ ರಿಸೋರ್ಸ್ ಬ್ಯುಸಿ' ಅನ್ನುತ್ತದೆ. ಗ್ರಬ್‌ನಲ್ಲಿ (ಲಿನಕ್ಸ್ ಶುರು ಮಾಡುವ ಬೂಟ್ ಪ್ರೋಗ್ರಾಂ) 'ಎಸಿಪಿಐ ಎನ್‌ಫೋರ್ಸ್ ರಿಸೋರ್ಸಸ್' ಆಯ್ಕೆಗೆ 'ಲ್ಯಾಕ್ಸ್' ಅಂತ ಕೊಡಿ ಎಂದು ಒಂದು ವಿಡಿಯೋದಲ್ಲಿ ಹೇಳಿದರು. ಹಾಕಲಾ?

ಉತ್ತರ: ಬೇಡ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ, ಆದರೂ ವಿಡಿಯೋ ಮಾಡುವವರು ಬಿಡುತ್ತಿಲ್ಲ. ಯಾಕೆ ಬೇಡ ಅಂತ ಒಬ್ಬರೂ ಹೇಳುವುದಿಲ್ಲ, ಸುಮ್ನೆ ಒಂದು ಸಾಲು ಕಾಪಿ ಮಾಡಿಸುತ್ತಾರೆ.

ಚಿಪ್ ಹುಡುಕುವ ಸೆನ್ಸರ್ಸ್-ಡಿಟೆಕ್ಟ್ ಓಡಿಸಿದ್ದೀರಿ ಅಂದುಕೊಂಡೇ ಬರೆಯುತ್ತೇನೆ. ಮೊದಲು ಡಿಮೆಸೇಜ್, ಅಂದರೆ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಸಂದೇಶಗಳ ಪಟ್ಟಿ, ತೆಗೆದು ನೋಡಿ. 'ಐಟಿ8728ಎಫ್ ಚಿಪ್ ಸಿಕ್ಕಿತು' ಅನ್ನುವಂಥ ಒಂದು ಸಾಲು, ಅದರ ಹತ್ತಿರವೇ ಎಸಿಪಿಐ ವಾರ್ನಿಂಗ್, 'ಸಿಸ್ಟಂ ಐಒ ರೇಂಜ್ ಕಾನ್‌ಫ್ಲಿಕ್ಟ್ಸ್ ವಿತ್ ಆಪ್‌ರೀಜನ್' ಅಂತ ಇನ್ನೊಂದು ಇರುತ್ತದೆ. ಅಂದರೆ ಡ್ರೈವರ್ ಸರಿಯಾಗಿಯೇ ಇದೆ, ಚಿಪ್ಪೂ ಸಿಕ್ಕಿದೆ. ಆದರೆ ಆ ಚಿಪ್ ತಲುಪುವ ಪೋರ್ಟ್‌ಗಳನ್ನು ತಾನೂ ಬಳಸುತ್ತೇನೆ ಅಂತ ಬಯೋಸ್ (ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ತನ್ನ ಎಸಿಪಿಐ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟಿದೆ, ಅದಕ್ಕೆ ಕರ್ನಲ್ ಡ್ರೈವರನ್ನು ಒಳಗೆ ಬಿಡುತ್ತಿಲ್ಲ.

ಈ ಚಿಪ್ ಜೊತೆ ಮಾತಾಡುವುದು ಎರಡು ಪೋರ್ಟ್‌ಗಳ ಮೂಲಕ. ಒಂದಕ್ಕೆ ಯಾವ ರಿಜಿಸ್ಟರ್ (ಚಿಪ್ಪಿನೊಳಗಿನ ಖಾನೆ) ಬೇಕು ಅಂತ ನಂಬರ್ ಬರೆಯಬೇಕು, ಇನ್ನೊಂದರಲ್ಲಿ ಅದರ ಬೆಲೆಯನ್ನು ಓದಬೇಕು ಅಥವಾ ಬರೆಯಬೇಕು. ಡ್ರೈವರ್ ನಂಬರ್ ಬರೆದ ಮೇಲೆ, ಓದುವ ಮೊದಲೇ, ಬಯೋಸಿನ ಎಸಿಪಿಐ ಕೋಡ್ ನಡುವೆ ನುಗ್ಗಿ ಬೇರೆ ನಂಬರ್ ಬರೆದರೆ? ನಿಮಗೆ ಬರುವುದು ತಪ್ಪು ರಿಜಿಸ್ಟರ್‌ನ ಬೆಲೆ. ಓದುವಾಗ ಹೀಗಾದರೆ ಪರದೆಯ ಮೇಲೆ ಒಂದು ಹುಚ್ಚು ಅಂಕಿ ಬರುತ್ತದೆ, ಅಷ್ಟೇ. ಬರೆಯುವಾಗ ಆದರೆ ಫ್ಯಾನ್ ವೇಗ ನಿಯಂತ್ರಿಸುವ ರಿಜಿಸ್ಟರ್‌ಗೇ ಪೆಟ್ಟು ಬೀಳಬಹುದು. 'ಲ್ಯಾಕ್ಸ್' ಅಂದರೆ ಈ ಕಾವಲನ್ನು ಒಂದು ಡ್ರೈವರ್‌ಗೆ ಮಾತ್ರ ಅಲ್ಲ, ಎಲ್ಲ ಡ್ರೈವರ್‌ಗಳಿಗೂ ಸಡಿಲ ಮಾಡಿದ ಹಾಗೆ.

ಹಾಗಾದರೆ ಏನು ಮಾಡುವುದು? ನಿಮ್ಮ ಚಿಂತೆ ಸಿಪಿಯು ಬಿಸಿಯಾಗುವುದೇ ಆದರೆ ಏನೂ ಮಾಡಬೇಡಿ. ಇಂಟೆಲ್‌ಗೆ ಕೋರ್‌ಟೆಂಪ್, ಎಎಂಡಿಗೆ ಕೆ10ಟೆಂಪ್ ಡ್ರೈವರ್ ಪ್ರೊಸೆಸರ್ ಒಳಗಿನಿಂದಲೇ ನೇರವಾಗಿ ಓದುತ್ತವೆ, ಈ ಜಗಳಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಫ್ಯಾನ್ ವೇಗ ಬೇಕೇ ಬೇಕು ಅಂದರೆ ಹೊಸ ಕರ್ನಲ್ ಹಾಕಿ ನೋಡಿ. ಕರ್ನಲ್ 5.17ರಿಂದ, ಇನ್ನೊಂದು ಬಗೆಯ ಸೆನ್ಸರ್ ಚಿಪ್‌ಗಳ ಎನ್‌ಸಿಟಿ6775 ಡ್ರೈವರ್ ಹಲವು ಆಸುಸ್ ಬೋರ್ಡ್‌ಗಳಲ್ಲಿ ಡಬ್ಲ್ಯೂಎಂಐ ಮೂಲಕ, ಅಂದರೆ ಬಯೋಸನ್ನೇ ಕೇಳಿ, ಓದುತ್ತದೆ. ಗಿಗಾಬೈಟ್‌ನ ಕೆಲವು ಬೋರ್ಡ್‌ಗಳಿಗೆ 5.13ರಲ್ಲಿ ಅಂಥದೇ ಡ್ರೈವರ್ ಬಂದಿದೆ, ಆದರೆ ಅದು ಉಷ್ಣತೆ ಮಾತ್ರ ಕೊಡುತ್ತದೆ, ಫ್ಯಾನ್ ಇಲ್ಲ. ಯಾವುದೂ ಆಗದಿದ್ದರೆ ಹೊಸ ಕರ್ನಲ್‌ಗಳ ಐಟಿ87ರಲ್ಲಿ 'ಇಗ್ನೋರ್ ರಿಸೋರ್ಸ್ ಕಾನ್‌ಫ್ಲಿಕ್ಟ್' ಅನ್ನುವ ಆಯ್ಕೆ ಇದೆ. ಡ್ರೈವರ್‌ನ ಆಯ್ಕೆಗಳನ್ನು ತೋರಿಸುವ ಮಾಡ್‌ಇನ್ಫೋ ಕಮಾಂಡ್‌ನಲ್ಲಿ ನೋಡಿದರೆ ಸಿಗುತ್ತದೆ. ಅಪಾಯ ಅದರಲ್ಲೂ ಇದೆ, ಆದರೆ ಆ ಒಂದೇ ಡ್ರೈವರ್‌ನಲ್ಲಿ ನಿಲ್ಲುತ್ತದೆ. ಓದಲಿಕ್ಕೆ ಮಾತ್ರ ಬಳಸಿ. ಅದನ್ನು ಹಾಕಿಕೊಂಡು, ಫ್ಯಾನ್ ವೇಗ ಬದಲಿಸುವ ಫ್ಯಾನ್‌ಕಂಟ್ರೋಲ್ ಪ್ರೋಗ್ರಾಂ ಓಡಿಸಬೇಡಿ. ರಾತ್ರಿ ಯಾರೂ ಇಲ್ಲದ ಆಫೀಸಿನಲ್ಲಿ ಆನ್ ಇರುವ ಮೆಷಿನ್‌ಗಂತೂ ನಾನು ಒಪ್ಪುವುದೇ ಇಲ್ಲ.

ಪ್ರಶ್ನೆ: 'ಸೆನ್ಸರ್ಸ್' ಪಟ್ಟಿಯಲ್ಲಿ ಆಕ್ಸ್‌ಟಿನ್ ಅನ್ನುವ ಉಷ್ಣತೆಯ ಸಾಲು 127 ಡಿಗ್ರಿ ತೋರಿಸುತ್ತಿದೆ, ಬೋರ್ಡ್ ಸುಡುತ್ತಿದೆಯಾ?

ಉತ್ತರ: ಇಲ್ಲ. ಚಿಪ್ಪಿನ ಆ ಕಾಲಿಗೆ ಸೆನ್ಸರನ್ನೇ ಜೋಡಿಸಿಲ್ಲ. 'ಸೆನ್ಸರ್ಸ್'ನ ಕಾನ್ಫಿಗ್ ಫೈಲ್‌ನಲ್ಲಿ ಇಗ್ನೋರ್ ಅಂತ ಬರೆದು ಮರೆತುಬಿಡಿ.

ಪ್ರಶ್ನೆ: 12 ವೋಲ್ಟ್ ಲೈನ್ 10 ತೋರಿಸುತ್ತದೆ. ಹಾಸನದ ರಿಪೇರಿ ಅಂಗಡಿಯವರು ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸಿ ಅಂದರು.

ಉತ್ತರ: ಮೀಟರ್ ಹಿಡಿದು ನೋಡಿದರಾ? ಇಲ್ಲ ಅಲ್ವಾ? ಸೆನ್ಸರ್ ಚಿಪ್ 12 ವೋಲ್ಟನ್ನು ನೇರವಾಗಿ ಅಳೆಯುವುದಿಲ್ಲ, ರೆಸಿಸ್ಟರ್‌ಗಳಿಂದ ಇಳಿಸಿದ ವೋಲ್ಟೇಜನ್ನು ಅಳೆಯುತ್ತದೆ. ಎಷ್ಟು ಇಳಿಸಿದ್ದಾರೆ ಅನ್ನುವುದು ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ, ಆ ಲೆಕ್ಕ ನಾವು ಕಾನ್ಫಿಗ್‌ನಲ್ಲಿ ಕೊಡಬೇಕು. ಬಯೋಸ್ ಪರದೆ ಎಷ್ಟು ತೋರಿಸುತ್ತದೆ ನೋಡಿ, ಮಲ್ಟಿಮೀಟರ್‌ನಲ್ಲಿ ಅಳೆಯಿರಿ, ಆಮೇಲೆ ದುಡ್ಡಿನ ಮಾತು. ನೋಡದೆ ಪಾರ್ಟ್ ಮಾರುವವರ ಹತ್ತಿರ ಮತ್ತೆ ಹೋಗಬೇಡಿ.

ಪ್ರಶ್ನೆ: ನಮ್ಮ ಮಲೆನಾಡಿನ ತಂಪಿಗೆ ಇದೆಲ್ಲ ಬೇಕಾ?

ಉತ್ತರ: ಹೀಟ್‌ಸಿಂಕ್ ತುಂಬ ಕಾಫಿ ಹೊಟ್ಟಿನ ಧೂಳು ಕೂತಿದ್ದರೆ ಹೊರಗಿನ ತಂಪು ಒಳಗೆ ಹೋಗುವುದಿಲ್ಲ. ಬೇಕು.

ಪ್ರಶ್ನೆ: ರೀಬೂಟ್ ಮಾಡಿದ ಮೇಲೆ ಫ್ಯಾನ್‌ಕಂಟ್ರೋಲ್ ಕೆಲಸ ಮಾಡುವುದಿಲ್ಲ.

ಉತ್ತರ: ಎಚ್‌ಡಬ್ಲ್ಯೂಮಾನ್ ನಂಬರ್, ಅಂದರೆ ಕರ್ನಲ್ ಪ್ರತಿ ಸೆನ್ಸರ್ ಚಿಪ್‌ಗೆ ಕೊಡುವ ಫೋಲ್ಡರ್‌ನ ನಂಬರ್, ಬದಲಾಗಿದೆ. ನಿನ್ನೆ 2 ಇದ್ದದ್ದು ಇವತ್ತು 3 ಆಗಬಹುದು, ಡ್ರೈವರ್‌ಗಳು ಲೋಡ್ ಆಗುವ ಸರದಿ ಮೇಲೆ ಹೋಗುತ್ತದೆ. ಫ್ಯಾನ್‌ಕಂಟ್ರೋಲ್‌ನ ಕಾನ್ಫಿಗ್ ಬರೆಯುವ ಪಿಡಬ್ಲ್ಯೂಎಂಕಾನ್ಫಿಗ್ ಮತ್ತೆ ಓಡಿಸಿ, ಸೆನ್ಸರ್ ಡ್ರೈವರನ್ನು ಬೂಟ್ ಆಗುವಾಗ ಲೋಡ್ ಆಗಬೇಕಾದ ಡ್ರೈವರ್‌ಗಳ ಮಾಡ್ಯೂಲ್ಸ್-ಲೋಡ್ ಫೋಲ್ಡರ್‌ನಲ್ಲಿ ಬರೆದಿಡಿ. ನಿಮ್ಮದೇ ಸ್ಕ್ರಿಪ್ಟ್ ಇದ್ದರೆ ನಂಬರ್ ನಂಬಬೇಡಿ, ಎಚ್‌ಡಬ್ಲ್ಯೂಮಾನ್ ಫೋಲ್ಡರ್ ಒಳಗಿನ 'ನೇಮ್' ಫೈಲ್ ಓದಿ ಚಿಪ್ ಹುಡುಕಿ. ಅಲ್ಲಿನ ಉಷ್ಣತೆಯ ಫೈಲ್‌ನಲ್ಲಿ 45000 ಅಂತ ಇದ್ದರೆ ಅದು 45 ಡಿಗ್ರಿ.