ದಾವಣಗೆರೆಯಲ್ಲಿ ಗಾಡಿ ಇಲ್ಲದೆ ನಡೆದೇ ಓಡಾಡಬಹುದಾ?

ವರ್ಗವಾಗಿ ದಾವಣಗೆರೆಗೆ ಬರ್ತಿದ್ದೀರಿ, ಬೈಕ್ ಓಡಿಸಲು ಬರುವುದಿಲ್ಲ, ನಡೆದೇ ಕಾಲ ಹಾಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಕಬಹುದು. ನಾನು ಇದೇ ಊರಿನವನು, ಪೇಟೆ ಕೆಲಸವನ್ನೆಲ್ಲ ಇವತ್ತಿಗೂ ನಡೆದೇ ಮಾಡುತ್ತೇನೆ. ಇಲ್ಲಿ ದೂರ ದೊಡ್ಡ ವಿಷಯ ಅಲ್ಲ. ಕಷ್ಟ ಇರುವುದು ರಸ್ತೆ ದಾಟುವುದರಲ್ಲಿ. ಅದಕ್ಕೆ ಬಾಡಿಗೆ ಮನೆ ನೋಡುವ ಮೊದಲೇ ಇದನ್ನು ಓದಿ.

ರೈಲು ಹಳಿ ನಮ್ಮೂರನ್ನು ಎರಡು ಮಾಡಿದೆ. ಒಂದು ಕಡೆ ಹಳೆ ದಾವಣಗೆರೆ, ಅಂದರೆ ಚಾಮರಾಜಪೇಟೆ, ದುಗ್ಗಮ್ಮನ ಗುಡಿ. ಇನ್ನೊಂದು ಕಡೆ ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕ್‌ಗಳು, ವಿದ್ಯಾನಗರ. ಅಶೋಕ ರಸ್ತೆಯ ರೈಲ್ವೆ ಗೇಟು ಊರಿಗೆ ಎಷ್ಟೋ ವರ್ಷ ತಲೆನೋವಾಗಿತ್ತು. ಅದರ ಜೊತೆಗೆ ಪಿ.ಬಿ. ರಸ್ತೆ, ಹಳೆಯ ಪುಣೆ–ಬೆಂಗಳೂರು ಹೆದ್ದಾರಿ. ಹೆದ್ದಾರಿ ಊರ ಹೊರಗೆ ಹೋಗಿ ಎಷ್ಟೋ ಕಾಲ ಆಯಿತು, ಆದರೆ ಗಾಡಿಯವರು ಇಲ್ಲಿ ಇನ್ನೂ ಹೆದ್ದಾರಿಯ ವೇಗದಲ್ಲೇ ಬರುತ್ತಾರೆ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ನಿಮ್ಮ ಆಫೀಸ್ ಇರುವ ಕಡೆಗೇ ಮನೆ ಮಾಡಿ.

ರಸ್ತೆ ದಾಟುವ ಲೆಕ್ಕ ನೋಡಿ. ಸಿಗ್ನಲ್ ಸಮಯ ಇಡುವಾಗ ಇಂಜಿನಿಯರ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಹಿಡಿಯುತ್ತಾರೆ. ಹದಿನೈದು ಮೀಟರ್ ಅಗಲದ ರಸ್ತೆ ದಾಟಲು ಹನ್ನೆರಡು ಸೆಕೆಂಡಿನ ಮೇಲೆ ಬೇಕು. ಮಂಡಿ ನೋವಿರುವ ನನ್ನ ಅಮ್ಮನಿಗೆ ಹತ್ತಿರ ಹತ್ತಿರ ಇಪ್ಪತ್ತು ಸೆಕೆಂಡು. ಅಷ್ಟು ಹೊತ್ತು ಯಾವ ಗಾಡಿ ನಿಲ್ಲುತ್ತದೆ ಹೇಳಿ? ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ಗಾಡಿಯವರು ನಿಧಾನಿಸಿ, ನಡೆಯುವವರಿಗೆ ದಾರಿ ಬಿಡಬೇಕು ಅಂತ ನಿಯಮವೇ ಇದೆ. ನೀವು ಮಾತ್ರ ಅದನ್ನು ನಂಬಿ ಕಾಲಿಡಬೇಡಿ. ಕೈ ಮೇಲೆತ್ತಿ, ಬರುವವರ ಮುಖ ನೋಡಿ, ಅವರು ನಿಧಾನ ಮಾಡಿದರು ಅಂತ ಖಾತ್ರಿಯಾದ ಮೇಲೆ ದಾಟಿ. ನಡುವೆ ಡಿವೈಡರ್ ಇದ್ದರೆ ಅಲ್ಲಿ ನಿಂತು, ಉಳಿದ ಅರ್ಧ ಆಮೇಲೆ.

ಫುಟ್‌ಪಾತ್ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಮೊದಲ ಪಟ್ಟಿಯಲ್ಲೇ ಆಯ್ಕೆಯಾದ 20 ಊರುಗಳಲ್ಲಿ ದಾವಣಗೆರೆಯೂ ಒಂದು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಅಡ್ಡಿ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ಒಂದು ಟೇಪು ಹಿಡಿದು ಎಷ್ಟು ರಸ್ತೆಯಲ್ಲಿ ಇದು ಸಿಗುತ್ತದೆ ನೋಡಿ. ಮೊಣಕಾಲು ಮಟ್ಟದ ಕಲ್ಲು ಹತ್ತಿ ಇಳಿಯುವುದು ವಯಸ್ಸಾದವರ ಕೈಲಿ ಆಗುವ ಕೆಲಸವಾ? ಅಮ್ಮ ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ, ಬೇರೆ ದಾರಿ ಇಲ್ಲ. ಎಲ್ಲರೂ ತಳ್ಳುಗಾಡಿಯವರನ್ನು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಮಂಡಕ್ಕಿ-ಮಿರ್ಚಿ ಗಾಡಿ ಸಂಜೆ ಬಂದು ರಾತ್ರಿ ಹೋಗುತ್ತದೆ, ಅದರ ದೀಪ ಇದ್ದರೆ ಒಬ್ಬರೇ ನಡೆಯುವ ಹೆಣ್ಣುಮಕ್ಕಳಿಗೆ ಧೈರ್ಯ. ತಳ್ಳುಗಾಡಿಯವರಿಗೆ ಜಾಗ ಗುರುತಿಸಿ ಕೊಡಿ ಅಂತ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೂ ಹೇಳುತ್ತದೆ. ದಿನವಿಡೀ ಅಡ್ಡ ನಿಲ್ಲಿಸಿದ ಬೈಕು, ಕಾರು, ಅಂಗಡಿ ಬೋರ್ಡುಗಳೇ ನಮ್ಮನ್ನು ರಸ್ತೆಗೆ ಇಳಿಸುವುದು. ಫುಟ್‌ಪಾತ್ ಮೇಲೆ ಅಡ್ಡಿಯಿಲ್ಲದೆ ನಡೆಯುವುದು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಪಾಲಿಕೆಗೆ ದೂರು ಬರೆಯುವಾಗ ಈ ಮಾತನ್ನು ಸೇರಿಸಿ, ಫೋಟೋ ಹಚ್ಚಿ. ನಾನು ಹಾಗೇ ಮಾಡುತ್ತೇನೆ.

ಬೇಸಿಗೆಯಲ್ಲಿ ಮಧ್ಯಾಹ್ನ ಮಾತ್ರ ಆಟೋ ಹಿಡಿಯಿರಿ. ಬೆಳಗಿನ ವಾಕಿಂಗ್‌ಗೆ ಕುಂದುವಾಡ ಕೆರೆ ಇದೆ. ನಿಮ್ಮ ಆಫೀಸ್ ಯಾವ ಕಡೆ ಅಂತ ತಿಳಿಸಿ, ಹತ್ತಿರದಲ್ಲಿ ಯಾವ ಬಡಾವಣೆಯಿಂದ ನಡೆಯೋಕೆ ಸಲೀಸು ಅಂತ ಹೇಳುತ್ತೇನೆ.