ಡಬ್ಬಿಯ ಮೇಲೆ ಎರಡು ದೇಶದ ಹೆಸರು, ಕಂಪನಿ ಯಾವ ದೇಶದ್ದು?

ಪ್ರಶ್ನೆ: ನನ್ನ ಫೋನ್ ಡಬ್ಬಿಯ ಮೇಲೆ ವಿನ್ಯಾಸ ಮಾಡಿದ್ದು ಒಂದು ದೇಶ, ಜೋಡಿಸಿದ್ದು ಇನ್ನೊಂದು ದೇಶ ಎಂದಿದೆ. ಹಾಗಾದರೆ ಈ ಬಹುರಾಷ್ಟ್ರೀಯ ಕಂಪನಿ ಯಾವ ದೇಶದ್ದು? ತೆರಿಗೆ ಯಾರಿಗೆ ಕಟ್ಟುತ್ತದೆ?

ಉತ್ತರ: ಹೊರಗಿನಿಂದ ನೋಡಿದರೆ ಒಂದೇ ಹೆಸರು, ಒಂದೇ ಲೋಗೋ. ಕಾನೂನಿನ ಪ್ರಕಾರ ಮಾತ್ರ ಅದು ಒಂದು ಕಂಪನಿ ಅಲ್ಲ, ದೊಡ್ಡ ಕುಟುಂಬ. ಒಂದು ದೇಶದಲ್ಲಿ ಮಾತೃಸಂಸ್ಥೆ ಇರುತ್ತದೆ. ಬೇರೆ ದೇಶಗಳಲ್ಲಿ ಅಲ್ಲಿನ ಕಾನೂನಿನಂತೆ ನೋಂದಣಿಯಾದ ಅಂಗಸಂಸ್ಥೆಗಳಿರುತ್ತವೆ. ಇವುಗಳ ಷೇರು ಮಾತೃಸಂಸ್ಥೆಯ ಕೈಯಲ್ಲಿ. ಸಾಲ, ಕೇಸು, ತೆರಿಗೆ ಎಲ್ಲ ಸಾಮಾನ್ಯವಾಗಿ ಆಯಾ ಅಂಗಸಂಸ್ಥೆಯ ಹೆಸರಲ್ಲೇ. ನಾವು ರೂಢಿಯಲ್ಲಿ ಮುಖ್ಯ ಕಚೇರಿ ಇರುವ ದೇಶವನ್ನೇ ಕಂಪನಿಯ ದೇಶ ಅನ್ನುತ್ತೇವೆ. ನೆಸ್ಲೆ ಸ್ವಿಟ್ಜರ್‌ಲ್ಯಾಂಡಿನದ್ದು ಅನ್ನುತ್ತೇವೆ, ಅದರ ಮಾರಾಟದ ಬಹುಪಾಲು ಆಗುವುದು ಆ ದೇಶದ ಹೊರಗೆ.

ಇದು ಹೊಸ ಕಥೆಯೇನಲ್ಲ. 1602ರಲ್ಲಿ ಶುರುವಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುದಾರರು ಯುರೋಪಿನಲ್ಲಿದ್ದರು, ವ್ಯಾಪಾರ ಏಷ್ಯಾದಲ್ಲಿತ್ತು. ಅದಕ್ಕೆ ಸ್ವಂತ ಸೈನ್ಯವೂ ಇತ್ತು!

ಎಲ್ಲ ಕಡೆ ಸ್ವಂತ ಕಾರ್ಖಾನೆ ಕಟ್ಟಲೇಬೇಕು ಅಂತೇನಿಲ್ಲ. ಐಫೋನ್ ಜೋಡಿಸುವುದು ಫಾಕ್ಸ್‌ಕಾನ್‌ನಂಥ ಗುತ್ತಿಗೆ ಕಂಪನಿಗಳು. ಮೆಕ್‌ಡೊನಾಲ್ಡ್ಸ್ ಮಳಿಗೆಗಳಲ್ಲಿ ಹೆಚ್ಚಿನವು ಫ್ರಾಂಚೈಸಿ, ಅಂದರೆ ಆ ಹೆಸರಲ್ಲಿ ಮಳಿಗೆ ನಡೆಸುವ ಅನುಮತಿ, ಪಡೆದವರದ್ದು.

ನಿಜವಾದ ಕೈಚಳಕ ಇರುವುದು ಕುಟುಂಬದ ಒಳಗಿನ ವ್ಯಾಪಾರದಲ್ಲಿ. ಒಂದು ಜೊತೆ ಶೂ ಮಾಡಲು ಕಾರ್ಖಾನೆಗೆ 40 ಡಾಲರ್ ಖರ್ಚಾಯಿತು ಅಂದುಕೊಳ್ಳಿ. ಅದು ತೆರಿಗೆ ಕಡಿಮೆ ಇರುವ ದೇಶದ ಸೋದರ ಕಂಪನಿಗೆ 41 ಡಾಲರಿಗೆ ಮಾರುತ್ತದೆ. ಆ ಕಂಪನಿ ಅಂಗಡಿ ನಡೆಸುವ ಇನ್ನೊಂದು ಸೋದರ ಕಂಪನಿಗೆ 95ಕ್ಕೆ ಕೊಡುತ್ತದೆ. ಗಿರಾಕಿ ಕೊಡುವುದು 100. ಶೂ ಮಾಡಿದಲ್ಲಿ ಲಾಭ 1, ಮಾರಿದಲ್ಲಿ 5, ನಡುವಿನಲ್ಲಿ 54! ಶೂ ಮಾತ್ರ ಆ ನಡುವಿನ ದೇಶದ ಮುಖವನ್ನೇ ನೋಡಿರುವುದಿಲ್ಲ. ಕಾರ್ಖಾನೆಯಿಂದ ನೇರ ಅಂಗಡಿಗೆ ಬಂದಿರುತ್ತದೆ. ಅಲ್ಲಿಗೆ ಹೋಗಿ ಬಂದದ್ದು ಬಿಲ್ಲು ಅಷ್ಟೇ.

ಹೊರಗಿನವರಿಗೆ ಮಾರುವ ಬೆಲೆಗೇ ಒಳಗಿನವರಿಗೂ ಮಾರಬೇಕು ಅನ್ನುವ ನಿಯಮ ಬಹುತೇಕ ದೇಶಗಳಲ್ಲಿದೆ. ಶೂಗೆ ಮಾರುಕಟ್ಟೆ ಬೆಲೆ ಹುಡುಕಬಹುದು. ಬ್ರಾಂಡ್ ಹೆಸರಿಗೆ, ಪೇಟೆಂಟಿಗೆ ಹುಡುಕುವುದು ಎಲ್ಲಿ? ಹಾಗಾಗಿಯೇ ರಾಯಲ್ಟಿ, ಅಂದರೆ ಇವನ್ನು ಬಳಸಲು ಕೊಡುವ ಶುಲ್ಕದ ಹೆಸರಲ್ಲಿ ಹಣ ಸಾಗಿಸುವುದು ಜಾಸ್ತಿ. ಇದರಲ್ಲಿ ಎಷ್ಟೋ ಭಾಗ ಕಾನೂನಿನ ಒಳಗೇ ನಡೆಯುತ್ತದೆ, ನನಗೆ ಕಿರಿಕಿರಿ ಆಗುವುದೂ ಅದೇ.

ಸರ್ಕಾರಗಳೂ ಸುಮ್ನೆ ಕೂತಿಲ್ಲ. ಆಪಲ್ ಐರ್ಲೆಂಡಿಗೆ 1,300 ಕೋಟಿ ಯೂರೊ ತೆರಿಗೆ ಕಟ್ಟಬೇಕು ಎಂದು ಐರೋಪ್ಯ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ 2016ರಲ್ಲಿ ಹೇಳಿತು. ತಮಾಷೆ ಅಂದರೆ, ಆ ಹಣ ಬೇಡ ಎಂದು ಐರ್ಲೆಂಡೇ ಕೋರ್ಟಿಗೆ ಹೋಯಿತು. ತೆರಿಗೆ ಕಡಿಮೆ ಅಂತಲೇ ಕಂಪನಿಗಳು ಬರುವ ದೇಶ ಅದು, ಅಲ್ವಾ? 2024ರಲ್ಲಿ ಐರೋಪ್ಯ ಒಕ್ಕೂಟದ ಉನ್ನತ ಕೋರ್ಟು ಕಮಿಷನ್ ಹೇಳಿದ್ದೇ ಸರಿ ಎಂದಿತು. ದೊಡ್ಡ ಕಂಪನಿಗಳಿಗೆ ಕನಿಷ್ಠ 15% ತೆರಿಗೆ ಹಾಕಲು 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದವು. ಜಾರಿ ಮಾತ್ರ ಎಲ್ಲ ಕಡೆ ಒಂದೇ ಥರ ಆಗಿಲ್ಲ.

ನಿಮ್ಮ ಫೋನ್ ಕಂಪನಿಯ ಕುಟುಂಬ ಎಷ್ಟು ದೊಡ್ಡದು ಅಂತ ನೋಡಬೇಕಿದ್ದರೆ ಅದರ ವಾರ್ಷಿಕ ವರದಿ ತೆಗೆಯಿರಿ. ಅಂಗಸಂಸ್ಥೆಗಳ ಪಟ್ಟಿ ಹೆಚ್ಚಾಗಿ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ.