ಪಾರಂಪರಿಕ ಕಟ್ಟಡಗಳ ಹೊರೆ ಯಾರ ಮೇಲೆ?

ಪ್ರಶ್ನೆ: ಮಹಾನಗರಗಳಲ್ಲಿ ಖಾಸಗಿಯವರ ಹಳೆಯ ಕಟ್ಟಡವನ್ನು ಪಾರಂಪರಿಕವೆಂದು ಘೋಷಿಸಿ, ಅದನ್ನು ಕೆಡವದಂತೆ ಆಡಳಿತ ತಡೆಯುತ್ತದೆ. ಇದು ಮಾಲೀಕರಿಗೆ ಅನ್ಯಾಯವಲ್ಲವೇ? ಯಾವುದು ಉಳಿಯಬೇಕೆಂದು ತೀರ್ಮಾನಿಸುವವರು ತಜ್ಞರೋ, ರಾಜಕಾರಣಿಗಳೋ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿ ಉತ್ತರ ಕೊಟ್ಟಿದೆ, ಅದು ಎಲ್ಲರೂ ಒಪ್ಪಿದ ಉತ್ತರವೇನಲ್ಲ. ನ್ಯೂಯಾರ್ಕಿನ ಭವ್ಯವಾದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವತೊಡಗಿದಾಗ ಅದನ್ನು ತಡೆಯಲು ನಗರಾಡಳಿತದ ಕೈಯಲ್ಲಿ ಕಾನೂನೇ ಇರಲಿಲ್ಲ. 1965ರಲ್ಲಿ ಕಾನೂನು ಬಂತು, 1967ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ಸಂರಕ್ಷಿತ ಪಟ್ಟಿಗೆ ಸೇರಿತು. ಅದರ ಒಡೆತನ ಹೊಂದಿದ್ದ ರೈಲು ಕಂಪನಿ ನಿಲ್ದಾಣದ ನೆತ್ತಿಯ ಮೇಲೆಯೇ 50ಕ್ಕೂ ಹೆಚ್ಚು ಮಹಡಿಗಳ ಕಚೇರಿ ಗೋಪುರ ಕಟ್ಟಲು ಹೊರಟಾಗ ಸಂರಕ್ಷಣಾ ಆಯೋಗ ಅನುಮತಿ ನಿರಾಕರಿಸಿತು. ನಿಲ್ದಾಣದಿಂದ ಮೊದಲಿನಂತೆಯೇ ಆದಾಯ ಪಡೆಯಲು ಅಡ್ಡಿಯಿಲ್ಲ, ಮೇಲೆ ಕಟ್ಟಲಾಗದೆ ಉಳಿದ ಹಕ್ಕನ್ನು ಹತ್ತಿರದ ನಿವೇಶನಗಳಿಗೆ ವರ್ಗಾಯಿಸಲೂ ಅವಕಾಶವಿದೆ, ಆದ್ದರಿಂದ ಪರಿಹಾರ ಕೊಡಬೇಕಾಗಿಲ್ಲ ಎಂದು ನ್ಯಾಯಾಲಯ 6-3ರ ಬಹುಮತದಿಂದ ಹೇಳಿತು. ಇಡೀ ನಗರಕ್ಕೆ ದಕ್ಕುವ ಲಾಭದ ವೆಚ್ಚವನ್ನು ಬೆರಳೆಣಿಕೆಯ ಮಾಲೀಕರ ಮೇಲೆ ಹೇರುವುದು ಸರಿಯಲ್ಲ ಎಂದು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ವಾದಿಸಿದರು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಹಕ್ಕಿನ ವರ್ಗಾವಣೆ ಒಳ್ಳೆಯ ಉಪಾಯವೇ ಹೌದು, ಆದರೆ ಸುತ್ತಲಿನ ಜಾಗಕ್ಕೆ ಬೇಡಿಕೆ ಇದ್ದಲ್ಲಿ ಮಾತ್ರ ಆ ಹಕ್ಕನ್ನು ಕೊಳ್ಳುವವರು ಸಿಗುತ್ತಾರೆ.

ಎರಡನೆಯ ಪ್ರಶ್ನೆಗೆ, ಇಬ್ಬರೂ ಎನ್ನಬೇಕಾಗುತ್ತದೆ. ಅದೇ ನಗರದ ಆಯೋಗದಲ್ಲಿ ವಾಸ್ತುಶಿಲ್ಪಿಗಳೂ ಇತಿಹಾಸಕಾರರೂ ಇರಲೇಬೇಕು. ಅವರನ್ನು ನೇಮಿಸುವವರು ಮೇಯರ್, ಅವರ ಘೋಷಣೆಯನ್ನು ರದ್ದುಗೊಳಿಸುವ ಅಧಿಕಾರ ನಗರಸಭೆಗಿದೆ. ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ರಾಜಕೀಯ ಇರುವುದು ಒಂಟಿ ಕಟ್ಟಡಗಳಲ್ಲಲ್ಲ, ಬೀದಿಬೀದಿಗಳನ್ನೇ ಒಳಗೊಂಡ ಪಾರಂಪರಿಕ ವಲಯಗಳಲ್ಲಿ. ಅಲ್ಲಿ ಬೀದಿಗೆ ಮುಖ ಮಾಡಿದ ಕಿಟಕಿಯನ್ನು ಬದಲಿಸಲೂ ಆಯೋಗದ ಅನುಮತಿ ಬೇಕು. ಹಾಗಿದ್ದೂ ಎಷ್ಟೋ ಕಡೆ ಈ ಪಟ್ಟವನ್ನು ಬಯಸಿ ಅರ್ಜಿ ಹಾಕುವವರು ನಿವಾಸಿಗಳೇ. ಏಕೆಂದರೆ ಪಕ್ಕದಲ್ಲಿ ಎತ್ತರದ ಕಟ್ಟಡ ಏಳದಂತೆ ತಡೆಯಲು ಇದಕ್ಕಿಂತ ಗಟ್ಟಿಯಾದ ಅಸ್ತ್ರ ಅವರಿಗೆ ಸಿಗುವುದಿಲ್ಲ. ಇಲ್ಲಿ ನಷ್ಟ ಮಾಲೀಕರದ್ದಲ್ಲ. ಆ ಎತ್ತರದ ಕಟ್ಟಡದಲ್ಲಿ ಬಾಡಿಗೆಗೆ ಬರಬಹುದಾಗಿದ್ದವರು ಯಾರೆಂಬುದು ಇನ್ನೂ ಗೊತ್ತೇ ಇರುವುದಿಲ್ಲ, ಹೀಗಾಗಿ ಅಹವಾಲು ಸಭೆಯಲ್ಲಿ ಅವರ ಪರವಾಗಿ ಮಾತನಾಡುವವರು ವಿರಳ.

ಪಟ್ಟಿಯಿಂದ ಹೊರಗುಳಿಯುವುದೂ ರಾಜಕೀಯವೇ. ಮ್ಯಾನ್‌ಹಟನ್ನಿನ ದಕ್ಷಿಣ ಭಾಗದಲ್ಲಿ ಆಫ್ರಿಕನ್ನರ ಸ್ಮಶಾನವಿತ್ತೆಂಬುದು 18ನೆಯ ಶತಮಾನದ ನಕ್ಷೆಯಲ್ಲೇ ಗುರುತಾಗಿತ್ತು. ಆದರೂ ಅಲ್ಲಿ ಕೇಂದ್ರ ಸರ್ಕಾರದ ಕಚೇರಿ ಕಟ್ಟಡಕ್ಕಾಗಿ ನೆಲ ಅಗೆಯಲಾಯಿತು. 1991ರಲ್ಲಿ ಅಸ್ಥಿಗಳು ಕಾಣಿಸಿಕೊಂಡು, 400ಕ್ಕೂ ಹೆಚ್ಚು ಜನರ ಅವಶೇಷಗಳನ್ನು ಹೊರತೆಗೆದ ಮೇಲೆ, ಕಪ್ಪು ಸಮುದಾಯದ ತೀವ್ರ ಪ್ರತಿಭಟನೆಗೆ ಮಣಿದು ಅಗೆತವನ್ನು ನಿಲ್ಲಿಸಲಾಯಿತು. ಕಚೇರಿ ಗೋಪುರವಂತೂ ಎದ್ದು ನಿಂತಿತು. ಅದಕ್ಕೆ ಹೊಂದಿಕೊಂಡಂತೆ ಬರಬೇಕಿದ್ದ ಭಾಗವನ್ನು ಮಾತ್ರ ಕೈಬಿಟ್ಟು, 2003ರಲ್ಲಿ ಆ ಅವಶೇಷಗಳನ್ನು ಅದೇ ನೆಲದಲ್ಲಿ ಮರಳಿ ಹೂಳಲಾಯಿತು.